ಮೋಡ ಮುಚ್ಚಿದ ನಾಲ್ಕು ತಿಂಗಳು ನೀವೆಲ್ಲ ಏನು ಮಾಡ್ತೀರಿ? (ಸುಮ್ನೆ ಹರಟೆ)

ಕಾಪು ದೀಪ
ಜೂನ್ ಮೊದಲ ವಾರದಲ್ಲೇ ದುರ್ಬೀನು ಒಳಗೆ ಹೋಯಿತು. ಇನ್ನು ಅದು ಅಂಗಳಕ್ಕೆ ಬರುವುದು ಅಕ್ಟೋಬರಿನಲ್ಲಿ. ಬಯಲುಸೀಮೆಯ ಗೆಳೆಯರು ಮಳೆಗಾಲದಲ್ಲೂ ನಡುನಡುವೆ ಗ್ರಹಗಳ ಫೋಟೋ ಕಳಿಸುತ್ತಾರೆ. ನಮಗಿಲ್ಲಿ ಹುಣ್ಣಿಮೆ ಬಂದು ಹೋದದ್ದು ಕೂಡ ಕ್ಯಾಲೆಂಡರ್ ನೋಡಿ ಗೊತ್ತಾಗಬೇಕು.

ಹಾಗಾಗಿ ಕೇಳ್ತಿದ್ದೇನೆ. ಉಡುಪಿ, ಮಂಗಳೂರು ಕಡೆಯವರು ಈಗ ಏನು ಮಾಡ್ತಾ ಇದ್ದೀರಿ? ಏನು ಬೇಕಾದರೂ ಬರೆಯಿರಿ. ತಿಂಡಿ ವಿಷಯ ಆದರೂ ಆಯ್ತು.

ಸುರತ್ಕಲ್ ಗಾಳಿ
ಮೊದಲು ಇದು ಹೇಳಿ. ದುರ್ಬೀನನ್ನು ಎಲ್ಲಿಟ್ಟಿದ್ದೀರಿ ಮಾರಾಯ್ರೆ? ಚೀಲದಲ್ಲಿ ಸುತ್ತಿ ಮರದ ಕಪಾಟಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ನಮ್ಮ ಕಡಲ ಬದಿಯಲ್ಲಿ ಲೆನ್ಸ್ ಹಾಳು ಮಾಡುವುದು ಧೂಳಿಗಿಂತ ಜಾಸ್ತಿ ಫಂಗಸ್. ಗಾಳಿಯ ತೇವ ಶೇಕಡಾ 65 ದಾಟಿ ಹಲವು ದಿನ ನಿಂತರೆ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು ಹಬ್ಬುತ್ತವೆ. ಎಳೆಗಳನ್ನು ಒರೆಸಿ ತೆಗೆಯಬಹುದು. ಆದರೆ ಅವು ಬಿಡುವ ಆಮ್ಲ ಲೆನ್ಸಿನ ಲೇಪವನ್ನು ತಿಂದಿದ್ದರೆ ಆ ಕಲೆ ಮತ್ತೆ ಹೋಗುವುದಿಲ್ಲ.

ಕಾಪು ದೀಪ
ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ತೇವ ಎಳೆಯುವ ಸಿಲಿಕಾ ಜೆಲ್ ಹಾಕಿದ್ದೇನೆ. ನೀಲಿ ಇದ್ದದ್ದು ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿದೆ. ಬಿಸಿ ಮಾಡಿ ಮತ್ತೆ ಹಾಕಬಹುದಲ್ವಾ?

ಸುರತ್ಕಲ್ ಗಾಳಿ
ಹಾಕಬಹುದು. ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ನೀಲಿ ಆಗುತ್ತದೆ. ಆದರೆ ಅಡುಗೆ ಬಾಣಲೆಯಲ್ಲಿ ಖಂಡಿತ ಹುರಿಯಬೇಡಿ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ಅದು ವಿಷ. ಅದಕ್ಕೇ ಅಂತ ಬೇರೆ ಪಾತ್ರೆ ಇರಲಿ. ಮುಂದೆ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ಕೇಳಿ.

ಡಬ್ಬದೊಳಗೆ ತೇವ ತೋರಿಸುವ ಸಣ್ಣ ಮೀಟರ್ ಒಂದು ಇಡಿ. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ತುಂಬ ಒಣಗಿಸುವುದೂ ಬೇಡ, ತಿರುಗುವ ಭಾಗಗಳ ಗ್ರೀಸ್ ಒಣಗುತ್ತದೆ.

ಆಟಿ ಮಳೆ
ನಮಸ್ಕಾರ. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಜೆಲ್ ಬದಲು ಅಕ್ಕಿ ಹಾಕಿದರೆ ಆಗುವುದಿಲ್ವಾ? ಮೊಬೈಲ್ ನೀರಿಗೆ ಬಿದ್ದರೆ ನಮ್ಮ ಅತ್ತೆ ಸೀದಾ ಅಕ್ಕಿ ಡಬ್ಬಕ್ಕೆ ಹಾಕುತ್ತಾರೆ.

ಸುರತ್ಕಲ್ ಗಾಳಿ
ಬನ್ನಿ ಅಕ್ಕ, ಒಳ್ಳೆ ಪ್ರಶ್ನೆ. ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಅಕ್ಕಿಯೇ ತೇವ ಎಳೆದುಕೊಂಡಿರುತ್ತದೆ. ಅದು ಇನ್ನಷ್ಟು ಎಳೆಯುವುದು ಕಡಿಮೆ. ಮೇಲಿಂದ ಅಕ್ಕಿಯ ಹುಡಿ ಲೆನ್ಸ್ ಮೇಲೆ ಕೂತರೆ ಫಂಗಸ್‌ಗೆ ನಾವೇ ಊಟ ಹಾಕಿದ ಹಾಗೆ.

ಕೋಟದ ಟೀಚರ್
ನಮ್ಮ ಶಾಲೆಯ ಸೂಕ್ಷ್ಮದರ್ಶಕಗಳದ್ದೂ ಇದೇ ಗೋಳು. ಹಿಂದೆ ಇದ್ದ ಮೇಷ್ಟ್ರು ಕಪಾಟಿನೊಳಗೆ ಒಂದು ಬಲ್ಬು ಉರಿಸಿ ಇಡುತ್ತಿದ್ದರು. ಆಗ ಲೆನ್ಸ್ ಚೆನ್ನಾಗಿಯೇ ಇತ್ತು. ಈಗ ಅದೇ ಜಾಗದಲ್ಲಿ ಎಲ್‌ಇಡಿ ಬಲ್ಬು ಇದೆ, ಫಂಗಸ್ ಮಾತ್ರ ಬಂದಿದೆ. ಮಕ್ಕಳಿಗೆ ಇದನ್ನು ಹೇಗೆ ವಿವರಿಸಲಿ?

ಸುರತ್ಕಲ್ ಗಾಳಿ
ಟೀಚರ್, ಅಲ್ಲಿ ಕೆಲಸ ಮಾಡುತ್ತಿದ್ದದ್ದು ಬೆಳಕಲ್ಲ, ಬಿಸಿ. ಬಲ್ಬು ಗಾಳಿಯಿಂದ ನೀರನ್ನು ತೆಗೆಯುವುದಿಲ್ಲ. ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಜಾಸ್ತಿ ಆವಿಗೆ ಜಾಗ ಉಂಟು. ಹಾಗಾಗಿ ನೀರಿನ ಪ್ರಮಾಣ ಅಷ್ಟೇ ಇದ್ದರೂ ಶೇಕಡಾವಾರು ತೇವ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಹೊರಗೆ 26 ಡಿಗ್ರಿ, ತೇವ ಶೇಕಡಾ 90 ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು 32 ಡಿಗ್ರಿಗೆ ತಂದರೆ ತೇವ ಸುಮಾರು 64ಕ್ಕೆ ಬರುತ್ತದೆ. 36 ಡಿಗ್ರಿಗೆ ತಂದರೆ 51ರ ಹತ್ತಿರ. ಹಳೇ ತಂತಿ ಬಲ್ಬು ತಾನು ಎಳೆಯುವ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿಯೇ ಬಿಡುತ್ತಿತ್ತು. ಎಲ್‌ಇಡಿ ಎಳೆಯುವುದೇ ಕಡಿಮೆ, ಕಪಾಟು ಬೆಚ್ಚಗಾಗುವುದಿಲ್ಲ. ನಿಮ್ಮ ಹಳೇ ಮೇಷ್ಟ್ರಿಗೆ ಒಂದು ನಮಸ್ಕಾರ ತಿಳಿಸಿ.

ಕೋಟದ ಟೀಚರ್
ಖಂಡಿತ ತಿಳಿಸುತ್ತೇನೆ. ಈ ಲೆಕ್ಕವನ್ನು ನಾಳೆಯೇ ಹತ್ತನೇ ತರಗತಿಗೆ ಕೊಡುತ್ತೇನೆ. ಕಪಾಟಿನೊಳಗೆ ತಾಪಮಾಪಕ ಇಟ್ಟು ಅವರೇ ಅಳೆಯಲಿ.

ಆಟಿ ಮಳೆ
ಕಾಪುವಿನವರು ತಿಂಡಿ ವಿಷಯ ಆದರೂ ಆಯ್ತು ಅಂದರಲ್ಲ, ನನ್ನದು ಪತ್ರೊಡೆ ಪ್ರಶ್ನೆ. ಕೆಸುವಿನ ಎಲೆ ತಂದು ಮಾಡಿದ್ದೆ. ಮನೆಯಲ್ಲಿ ಒಬ್ಬರಿಗೆ ಗಂಟಲು ತುರಿಸಿತು, ಉಳಿದವರಿಗೆ ಏನೂ ಇಲ್ಲ. ಹುಳಿ ಸರಿಯಾಗಿಯೇ ಹಾಕಿದ್ದೆ. ಯಾಕೆ ಹೀಗೆ?

ಮಣಿಪಾಲ ಗುಡ್ಡೆ
ನನ್ನ ಇಷ್ಟದ ವಿಷಯ ಇದು. ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಆಕಾರದ ಹರಳುಗಳಿವೆ. ಎರಡೂ ತುದಿ ಚೂಪು. ಕಟ್ಟು ಕಟ್ಟಾಗಿ ಜೀವಕೋಶದೊಳಗೆ ಇರುತ್ತವೆ. ಎಲೆ ಜಗಿದಾಗ ಕೋಶ ಒಡೆದು ಅವು ಬಾಯಿಯ ತೆಳು ಚರ್ಮಕ್ಕೆ ಚುಚ್ಚುತ್ತವೆ. ಹರಳಿನ ಜೊತೆಗೆ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವೂ ಇದೆ. ಚುಚ್ಚಿದ ಜಾಗಕ್ಕೆ ಅದು ಸೇರಿ ತುರಿಕೆ ಜಾಸ್ತಿಯಾಗುತ್ತದೆ.

ಕ್ಯಾಲ್ಸಿಯಂ ಆಕ್ಸಲೇಟ್ ಬಿಸಿ ನೀರಿನಲ್ಲಿ ಕರಗುವುದು ತೀರಾ ಅತ್ಯಲ್ಪ. ಆದರೆ ಕಿಣ್ವ ಬಿಸಿಗೆ ಹಾಳಾಗುತ್ತದೆ. ಹಾಗಾಗಿ ಉಗಿಯಲ್ಲಿ ಬೇಯಿಸುವ ಹೊತ್ತು ಕಡಿಮೆ ಮಾಡಬೇಡಿ. ಸುರುಳಿ ದಪ್ಪ ಇದ್ದರೆ ನಡುವಿನ ಪದರಕ್ಕೆ ಬಿಸಿ ತಡವಾಗಿ ಮುಟ್ಟುತ್ತದೆ. ಆ ನಡುವಿನ ತುಂಡು ಯಾರ ತಟ್ಟೆಗೆ ಹೋಯಿತೋ ಅವರಿಗೆ ಮಾತ್ರ ತುರಿಸಿರಬಹುದು. ಎಲೆಯ ಹಿಂಬದಿಯ ದಪ್ಪ ನರಗಳನ್ನು ಕೆತ್ತಿ ತೆಗೆಯುವುದನ್ನೂ ಬಿಡಬೇಡಿ. ಕತ್ತರಿಸುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ.

ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಮನೆಯಲ್ಲಿದ್ದರೆ ಅವರಿಗೆ ಪತ್ರೊಡೆ ಮಿತಿಯಲ್ಲಿರಲಿ.

ಮಲ್ಪೆ ದಕ್ಕೆ
ಮರಕೆಸು ಸಿಕ್ಕಿದರೆ ಬಿಡಬೇಡಿ ಅಕ್ಕ. ಮಳೆಗಾಲದಲ್ಲಿ ಮರದ ಕಾಂಡದ ಮೇಲೆ ಬೆಳೆಯುತ್ತದಲ್ಲ, ಅದರ ಪತ್ರೊಡೆಯ ರುಚಿಯೇ ಬೇರೆ.

ಆಟಿ ಮಳೆ
ನಡುವಿನ ತುಂಡು! ಹೌದು, ಅವರು ತಿಂದದ್ದು ದಪ್ಪ ಸುರುಳಿಯದ್ದೇ. ಇದು ಹೊಳೆದೇ ಇರಲಿಲ್ಲ. ಹಾಗಾದರೆ ಕಣಿಲೆ (ಎಳೆ ಬಿದಿರು)? ಅದನ್ನು ನೀರಿನಲ್ಲಿ ಹಾಕಿ ನೀರು ಬದಲಿಸುತ್ತಾ ಇರಬೇಕು ಅಂತ ಅಮ್ಮ ಹೇಳುತ್ತಿದ್ದರು. ಅದೂ ತುರಿಕೆಗೇನಾ?

ಮಣಿಪಾಲ ಗುಡ್ಡೆ
ಅದು ತುರಿಕೆಗಲ್ಲ, ಅದಕ್ಕಿಂತ ದೊಡ್ಡ ಕಾರಣ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಉಂಟು. ಹೆಚ್ಚಿ ನೆನೆಸಿ, ದಿನಾ ನೀರು ಚೆಲ್ಲಿ, ಆಮೇಲೆ ಚೆನ್ನಾಗಿ ಬೇಯಿಸಿದರೆ ಅದು ಹೊರಟುಹೋಗುತ್ತದೆ. ಅಮ್ಮ ಹೇಳಿದ್ದನ್ನು ಒಂದು ಹೆಜ್ಜೆಯೂ ಬಿಡದೆ ಮಾಡಿ.

ಮಾತು ಬಂದ ಮೇಲೆ ಇನ್ನೊಂದನ್ನು ಹೇಳಿಯೇ ಬಿಡುತ್ತೇನೆ. ಆಟಿ ಅಮಾವಾಸ್ಯೆ (ತುಳುವಿನ ಆಟಿ ತಿಂಗಳ ಅಮಾವಾಸ್ಯೆ) ಹತ್ತಿರ ಬಂತು. ಪಾಲೆ ಮರದ ಕಷಾಯ ಕುಡಿಯುವ ಮನೆಗಳು ಇಲ್ಲಿ ತುಂಬ ಇವೆ. ಬೆಳಕು ಹರಿಯುವ ಮೊದಲು ಹೋಗಿ, ಕಲ್ಲಿನಿಂದ ಜಜ್ಜಿ ತೊಗಟೆ ತರುವ ಪದ್ಧತಿ. ಕತ್ತಲೆಯಲ್ಲಿ ಮರ ಗುರುತಿಸುವುದು ಅಪಾಯ. ಪಾಲೆ ಅಂತ ಕಾಸರಕದ ತೊಗಟೆ ತಂದರೆ ಜೀವಕ್ಕೇ ಕುತ್ತು. ಕಾಸರಕದಲ್ಲಿ ಸ್ಟ್ರಿಕ್ನಿನ್ ಇದೆ. ಅದು ಸ್ನಾಯುಗಳನ್ನು ಸೆಟೆದು ಹಿಡಿಸಿ ಉಸಿರು ನಿಲ್ಲಿಸುತ್ತದೆ. ಎರಡೂ ಕಹಿಯೇ. ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ.

ಗುರುತು ಇಷ್ಟು. ಪಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಗುಂಪಾಗಿ, ಹೆಚ್ಚಾಗಿ ಏಳು, ಬರುತ್ತವೆ. ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು, ಎರಡೆರಡೇ. ಎಲೆಯ ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ. ಹಾಲು ಇಲ್ಲ. ದಯವಿಟ್ಟು ಹಿಂದಿನ ದಿನ ಹಗಲಿನಲ್ಲೇ, ಮರ ಚೆನ್ನಾಗಿ ಗೊತ್ತಿರುವವರನ್ನು ಕರೆದುಕೊಂಡು ಹೋಗಿ, ಮರಕ್ಕೆ ಹಗ್ಗ ಕಟ್ಟಿ ಬನ್ನಿ. ಸ್ವಲ್ಪ ಅನುಮಾನ ಬಂದರೂ ಆ ವರ್ಷ ಕುಡಿಯಬೇಡಿ.

ಕಾಪು ದೀಪ
ಇದನ್ನು ನಮ್ಮ ಮನೆಯವರಿಗೆ, ಅಕ್ಕಪಕ್ಕದವರಿಗೆ ಈಗಲೇ ಕಳಿಸುತ್ತಿದ್ದೇನೆ. ಎಲ್ಲರೂ ಕಳಿಸಿ.

ಮಲ್ಪೆ ದಕ್ಕೆ
ಕಳಿಸಿದೆ.

ನಮ್ಮದು ಕಡಲ ಬದಿ ಮನೆ. ಮಳೆಗಾಲದಲ್ಲಿ ಏನು ಮಾಡ್ತೀರಿ ಅಂದರೆ ನಾವು ಕಡಲು ನೋಡುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಒಟ್ಟು 61 ದಿನ. ಬಲೆ ರಿಪೇರಿ, ದೋಣಿಗೆ ಬಣ್ಣ. ನಾಡದೋಣಿಯವರು ಮಾತ್ರ ತೂಫಾನ್ ಆಗುವುದನ್ನು ಕಾಯುತ್ತಾ ಇರುತ್ತಾರೆ. ಕಡಲು ಒಮ್ಮೆ ಚೆನ್ನಾಗಿ ಕದಡಿದರೆ ಮೀನು ದಡದ ಕಡೆಗೆ ಬರುತ್ತದೆ ಅನ್ನುವುದು ಹಿರಿಯರ ಮಾತು. ಇದರ ಹಿಂದೆ ಏನಾದರೂ ಉಂಟಾ?

ಮಣಿಪಾಲ ಗುಡ್ಡೆ
ತೂಫಾನಿನ ಒಂದು ದಿನದ್ದು ನೀವೇ ಹೇಳಬೇಕು ಅಣ್ಣ. ಇಡೀ ಮಳೆಗಾಲದ್ದು ಹೇಳುತ್ತೇನೆ. ಈ ತಿಂಗಳುಗಳ ಗಾಳಿ ಮೇಲಿನ ಬಿಸಿ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆ ನೀರು ಮೇಲೆ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬ. ಬಿಸಿಲು ಬಿದ್ದ ಕೂಡಲೇ ಕಣ್ಣಿಗೆ ಕಾಣದ ಸಣ್ಣ ಪಾಚಿಗಳು ಬೆಳೆಯುತ್ತವೆ. ಭೂತಾಯಿ ಮೀನಿಗೆ ಅದೇ ಆಹಾರ. ಆಗಸ್ಟ್ ಆದ ಮೇಲೆ ಭೂತಾಯಿ ಕೊಬ್ಬಿ ರುಚಿಯಾಗುವುದಕ್ಕೆ ಕಾರಣ ಇದೇ.

ಮಲ್ಪೆ ದಕ್ಕೆ
ಹಾಗಾದರೆ 2020ರಲ್ಲಿ ಕಂಡ ನೀಲಿ ಬೆಳಕು? ನವೆಂಬರ್ ಕೊನೆಗೆ ಮಟ್ಟು, ಪಡುಕೆರೆ ಕಡೆ ರಾತ್ರಿ ಅಲೆ ಒಡೆದಾಗಲೆಲ್ಲ ನೀಲಿ ಹೊಳೆಯುತ್ತಿತ್ತು. ಜನ ಕುಟುಂಬ ಸಮೇತ ಬಂದು ನೋಡಿದರು. ಕೈ ಅದ್ದಿದರೆ ಕೈ ಸುತ್ತ ಬೆಳಕು. ನನ್ನ ಮಗಳು ಈಗಲೂ ಅದನ್ನೇ ಕೇಳುತ್ತಾಳೆ, ಮತ್ತೆ ಯಾವಾಗ ಬರುತ್ತದೆ ಅಂತ.

ಮಣಿಪಾಲ ಗುಡ್ಡೆ
ಅದು ನಾಕ್ಟಿಲುಕ. ಒಂದೇ ಕೋಶದ ಜೀವಿ, ಗಾತ್ರ ಅರ್ಧ ಮಿಲಿಮೀಟರಿನ ಆಸುಪಾಸು. ನೀರು ಅಲುಗಿದಾಗ ಕೋಶದೊಳಗೆ ರಾಸಾಯನಿಕ ಕ್ರಿಯೆ ನಡೆದು ಮಿಂಚುತ್ತದೆ. ಬಿಸಿ ಇಲ್ಲದ ಬೆಳಕು. ನೋಡಲು ಚಂದ. ಆದರೆ ಅದು ಅತಿಯಾಗಿ ಬೆಳೆದು ಸತ್ತು ಕೊಳೆತರೆ ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಕಷ್ಟ. ಮಗಳಿಗೆ ಹೇಳಿ, ದಿನಾಂಕ ಯಾರಿಗೂ ಹೇಳಲು ಬರುವುದಿಲ್ಲ. ಚಂದ್ರ ಇಲ್ಲದ ರಾತ್ರಿಗಳಲ್ಲಿ ನೋಡುತ್ತಾ ಇರಲಿ.

ಮೂಡುಬಿದಿರೆ ಗದ್ದೆ
ನಾನು ನವೆಂಬರ್ ಕಾಯುವವನು. ಕಂಬಳ ಶುರುವಾಗಬೇಕು. ಇಲ್ಲಿ ಭೌತಶಾಸ್ತ್ರ ಗೊತ್ತಿರುವವರು ಇದ್ದೀರಿ, ಒಂದು ವಿಷಯ ಬಗೆಹರಿಸಿ ಕೊಡಿ. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದರು. 100 ಮೀಟರಿಗೆ 9.55 ಸೆಕೆಂಡ್ ಅಂತ ಲೆಕ್ಕ ಹಾಕಿ ಓಟಗಾರ ಉಸೇನ್ ಬೋಲ್ಟ್ ದಾಖಲೆ ಮುರಿದರು ಅಂದರು. ದೇಶವಿಡೀ ಮಾತಾಡಿತು. ನಮಗೆಲ್ಲ ಹೆಮ್ಮೆ. ಆದರೆ ಆ ಹೋಲಿಕೆ ಸರಿಯಾ?

ಸುರತ್ಕಲ್ ಗಾಳಿ
ಹೆಮ್ಮೆ ಸರಿ. ಹೋಲಿಕೆ ಸರಿಯಲ್ಲ. ಬಿಡಿಸಿ ಹೇಳುತ್ತೇನೆ.

ಸರಾಸರಿ ವೇಗ ಹೆಚ್ಚು ಕಡಿಮೆ ಒಂದೇ. ಗೌಡರದ್ದು ಸೆಕೆಂಡಿಗೆ 10.46 ಮೀಟರ್. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ ಓಡಿದಾಗ 10.44 ಮೀಟರ್. ಆದರೆ ನಿಂತಲ್ಲಿಂದ ಹೊರಟು ವೇಗ ಹಿಡಿಯಲು ಯಾರಿಗಾದರೂ ಮೊದಲ ಕೆಲವು ಸೆಕೆಂಡು ಬೇಕು. ಆ ನಷ್ಟ 100 ಮೀಟರಿನಲ್ಲಿ ಜಾಸ್ತಿ ಹೊಡೆತ ಕೊಡುತ್ತದೆ. 142.5 ಮೀಟರಿನಲ್ಲಿ ಹಂಚಿಹೋಗುತ್ತದೆ. ಬೋಲ್ಟ್ ಅದೇ ಓಟದ 60ರಿಂದ 80ನೇ ಮೀಟರ್ ನಡುವಿನ 20 ಮೀಟರನ್ನು 1.61 ಸೆಕೆಂಡಿನಲ್ಲಿ ದಾಟಿದ್ದರು. ಅಂದರೆ ಅಲ್ಲಿ ವೇಗ 12.4.

ಎರಡನೆಯದು ಕೋಣಗಳು. ಓಡಿಸುವವರ ಕೈಯಲ್ಲಿ ಹಗ್ಗವೋ ನೇಗಿಲೋ ಇರುತ್ತದೆ, ಅದು ಅವರನ್ನು ಮುಂದಕ್ಕೆ ಎಳೆಯುತ್ತದೆ. ಮುಂದಕ್ಕೆ ತಳ್ಳುವ ಬಲವನ್ನೆಲ್ಲ ಕಾಲೇ ಕೊಡಬೇಕಾಗಿಲ್ಲ.

ಮೂರನೆಯದನ್ನು ಹೊರಗಿನವರು ಯಾರೂ ಹೇಳಲಿಲ್ಲ, ಅದು ನನಗೆ ಬೇಜಾರು. ಕೆಸರಿನಲ್ಲಿ ಕಾಲು ಹೂತು ಮತ್ತೆ ಎಳೆಯಬೇಕು. ಸಿಂಥೆಟಿಕ್ ಟ್ರ್ಯಾಕ್ ಹಾಗೆ ಅದು ಪಾದವನ್ನು ವಾಪಸ್ ಚಿಮ್ಮಿಸುವುದಿಲ್ಲ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಎಳೆದುಕೊಂಡು ಹೋಗುವಾಗ ಅಂಥ ನೆಲದಲ್ಲಿ ಬೀಳದೆ ಹೆಜ್ಜೆ ಹಾಕುವುದು ದೊಡ್ಡ ವಿದ್ಯೆ. ಟ್ರ್ಯಾಕ್ ಓಟಗಾರರಿಗೆ ಅದು ಬರುವುದಿಲ್ಲ. ಗೌಡರು ಆಗಲೇ ಹೇಳಿದ್ದರು, ಅವರು ಟ್ರ್ಯಾಕಿನವರು, ನಾನು ಗದ್ದೆಯವನು ಅನ್ನುವ ಅರ್ಥದಲ್ಲಿ. ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಿಲ್ಲ.

ಮೂಡುಬಿದಿರೆ ಗದ್ದೆ
ಮನಸ್ಸಿಗೆ ಸಮಾಧಾನ ಆಯ್ತು. ಕನೆ ಹಲಗೆಗೂ ಒಂದು ಲೆಕ್ಕ ಕೊಡಿ. ಕೋಣಗಳು ಎಳೆಯುವ ಆ ಹಲಗೆಯ ತೂತಿನಿಂದ ನೀರು ಚಿಮ್ಮಿ ಮೇಲಿನ ನಿಶಾನೆಗೆ ತಾಗಬೇಕಲ್ಲ.

ಸುರತ್ಕಲ್ ಗಾಳಿ
ನೀರು 5 ಮೀಟರ್ ಏರಬೇಕಾದರೆ ಅದು ಹಲಗೆಯಿಂದ ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 10 ಮೀಟರ್ ಇರಬೇಕು. ಮೇಲೆ ನೋಡಿ, ಒಳ್ಳೆಯ ಕೋಣಗಳ ಓಟದ ವೇಗವೂ ಅಷ್ಟೇ. ಹನಿಗಳಾಗಿ ಒಡೆದರೆ ಗಾಳಿ ತಡೆದು ಎತ್ತರ ಕಡಿಮೆಯಾಗುತ್ತದೆ. ಹಾಗಾಗಿ ಹಲಗೆಯ ಮೇಲೆ ನಿಂತವರು ಅದನ್ನು ಯಾವ ಕೋನದಲ್ಲಿ ಒತ್ತಿ ಹಿಡಿಯುತ್ತಾರೆ ಅನ್ನುವುದು ಮುಖ್ಯ.

ಕೋಟದ ಟೀಚರ್
ಒಂಬತ್ತನೇ ತರಗತಿಗೆ ಸರಾಸರಿ ವೇಗದ ಪಾಠ ಇದೆ. ರೈಲಿನ ಉದಾಹರಣೆ ಬಿಟ್ಟು ಇದನ್ನೇ ಕೊಡುತ್ತೇನೆ.

ಕಾಪು ದೀಪ
ನಾನು ಮತ್ತೆ ಆಕಾಶಕ್ಕೆ ಬರುತ್ತೇನೆ. 2019ರ ಡಿಸೆಂಬರ್ 26 ನೆನಪಿದೆಯಾ? ಬೆಳಿಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲು ಮಂಗಳೂರಿನಲ್ಲಿ ಸೂರ್ಯ ಬಳೆಯಾಗಿದ್ದ. ಕಂಕಣ ಗ್ರಹಣದ ನಡುಗೆರೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಮೇಲೆ ಹೋಗಿತ್ತು. ನಮ್ಮ ದೇಶದಲ್ಲಿ ಮುಂದಿನ ಕಂಕಣ 2031ರ ಮೇ 21ಕ್ಕೆ, ಆದರೆ ಅದು ಕೇರಳದ ದಕ್ಷಿಣ ಭಾಗ, ತಮಿಳುನಾಡಿನ ಮೇಲೆ ಹಾದು ಹೋಗುತ್ತದೆ. ನಮಗೆ ಭಾಗಶಃ ಮಾತ್ರ. 2027ರ ಆಗಸ್ಟ್ 2ರ ಸಂಜೆಯೂ ಭಾಗಶಃ ಗ್ರಹಣ ಉಂಟು. ಮಳೆಗಾಲ, ಮೋಡ ಬಿಡಬೇಕಷ್ಟೆ.

ಹತ್ತಿರದಲ್ಲಿರುವುದು ಶೂನ್ಯ ನೆರಳಿನ ದಿನ. ಉಡುಪಿಗೆ ಆಗಸ್ಟ್ 17, ಮಂಗಳೂರಿಗೆ 18. ಮಧ್ಯಾಹ್ನ 12.34ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ. ಏಪ್ರಿಲ್ ಕೊನೆಗೂ ಒಮ್ಮೆ ಬರುತ್ತದೆ, ಆಗ ಆಕಾಶ ಸ್ವಚ್ಛ ಇರುತ್ತದೆ. ಆದರೆ ಶಾಲೆಗೆ ರಜೆ.

ಕೋಟದ ಟೀಚರ್
ಅದೇ ನನ್ನ ಕಷ್ಟ. ಮಕ್ಕಳಿದ್ದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಮಕ್ಕಳಿಲ್ಲ. ಉಪಗ್ರಹದ ಪಾಠದಲ್ಲಿ ಯು. ಆರ್. ರಾವ್ ಅವರು ನಮ್ಮ ಅದಮಾರಿನಲ್ಲಿ ಹುಟ್ಟಿದವರು, 1975ರಲ್ಲಿ ಆರ್ಯಭಟ ಉಡಾವಣೆಯ ಹಿಂದೆ ಅವರೇ ಇದ್ದರು ಅಂದಾಗ ಮಕ್ಕಳ ಕಣ್ಣು ಅರಳಿತು. ಅವರ ಕೈಯಲ್ಲೇ ಏನಾದರೂ ಅಳೆಯಿಸಬೇಕು ಅಂತ ಆಗಿನಿಂದ ಆಸೆ. ಕೋಲಿನ ನೆರಳಿನಿಂದ ಭೂಮಿಯ ಸುತ್ತಳತೆ ತೆಗೆಯಬಹುದಲ್ವಾ? ಕೋಟದಲ್ಲಿ ನಾವು, ಮಂಗಳೂರಿನಲ್ಲಿ ಇನ್ನೊಂದು ಶಾಲೆ.

ಸುರತ್ಕಲ್ ಗಾಳಿ
ಕೋಟ, ಮಂಗಳೂರು ಸಾಲದು ಟೀಚರ್. ಅಕ್ಷಾಂಶದ ವ್ಯತ್ಯಾಸ ಮುಕ್ಕಾಲು ಡಿಗ್ರಿಯೂ ಇಲ್ಲ. ಒಂದು ಮೀಟರ್ ಕೋಲಿಗೆ ನೆರಳಿನ ವ್ಯತ್ಯಾಸ ಒಂದು ಸೆಂಟಿಮೀಟರ್ ಚಿಲ್ಲರೆ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅದರಿಂದ ನೆರಳಿನ ತುದಿಯೇ ಒಂದು ಸೆಂಟಿಮೀಟರಿನಷ್ಟು ಮಸುಕಾಗಿರುತ್ತದೆ. ಲೆಕ್ಕ ಎಲ್ಲಿಗೋ ಹೋಗುತ್ತದೆ. ದೂರದ ಊರು ಬೇಕು, ಹೆಚ್ಚು ಕಡಿಮೆ ನೇರ ಉತ್ತರಕ್ಕೆ.

ಮಲ್ಪೆ ದಕ್ಕೆ
ಮುಂಬೈ ಆಗುತ್ತದಾ? ಅಲ್ಲಿ ಒಬ್ಬ ನೆಂಟನೂ ಇಲ್ಲದ ಮನೆ ನಮ್ಮಲ್ಲಿ ಸಿಗುವುದು ಕಷ್ಟ.

ಸುರತ್ಕಲ್ ಗಾಳಿ
ಮುಂಬೈ ಅಂದರೆ ಪಸಂದಾಯ್ತು! ಮಂಗಳೂರು 12.9 ಡಿಗ್ರಿ, ಮುಂಬೈ 19.1. ವ್ಯತ್ಯಾಸ 6.2 ಡಿಗ್ರಿ. ಉತ್ತರ-ದಕ್ಷಿಣ ದೂರ ಸುಮಾರು 690 ಕಿಲೋಮೀಟರ್, ರಸ್ತೆಯ ದೂರ ತೆಗೆದುಕೊಳ್ಳಬಾರದು. 690ನ್ನು 6.2ರಿಂದ ಭಾಗಿಸಿ 360ರಿಂದ ಗುಣಿಸಿದರೆ 40,000 ಕಿಲೋಮೀಟರ್ ಆಸುಪಾಸು ಬರುತ್ತದೆ. ಕೋನ ಮಾತ್ರ ಮಕ್ಕಳೇ ಅಳೆದು ತೆಗೆಯಬೇಕು. ಶೂನ್ಯ ನೆರಳಿನ ದಿನವೇ ಆಗಬೇಕು ಅಂತೇನಿಲ್ಲ. ಎರಡೂ ಕಡೆ ಬಿಸಿಲಿರುವ ಯಾವ ದಿನವಾದರೂ ಆದೀತು, ದಿನ ಒಂದೇ ಇರಬೇಕು. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆ ಒಳ್ಳೆಯದು.

ಕೋಟದ ಟೀಚರ್
ಹೊತ್ತು?

ಕಾಪು ದೀಪ
ಇಬ್ಬರೂ ಒಂದೇ ಗಡಿಯಾರದ ಹೊತ್ತಿಗೆ ಅಳೆಯಬಾರದು. ಮುಂಬೈ ನಮಗಿಂತ ಸುಮಾರು ಎರಡು ಡಿಗ್ರಿ ಪಶ್ಚಿಮಕ್ಕಿದೆ. ಅಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಎಂಟು ನಿಮಿಷ ತಡವಾಗಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕುತ್ತಾ ಹೋಗಿ. ಎಲ್ಲಕ್ಕಿಂತ ಗಿಡ್ಡ ನೆರಳನ್ನು ತೆಗೆದುಕೊಳ್ಳಿ.

ಆಟಿ ಮಳೆ
ನನ್ನ ತಮ್ಮ ಡೊಂಬಿವಿಲಿಯಲ್ಲಿ ಇದ್ದಾನೆ. ಚೌತಿಗೆ ಊರಿಗೆ ಬರುತ್ತಾನೆ. ಅವನ ಕೈಯಲ್ಲಿ ಕೋಲು, ತೂಗುಗುಂಡು ಎರಡನ್ನೂ ಕೊಟ್ಟು ಕಳಿಸುತ್ತೇನೆ. ಅವನ ಬಿಲ್ಡಿಂಗಿನ ತಾರಸಿಯಲ್ಲಿ ಬಿಸಿಲು ಬೀಳುತ್ತದಂತೆ, ಈಗಷ್ಟೇ ಕೇಳಿದೆ. ಕೋಲು ಎಷ್ಟು ಉದ್ದ ಇರಬೇಕು?

ಸುರತ್ಕಲ್ ಗಾಳಿ
ಎರಡೂ ಕಡೆ ಸರಿಯಾಗಿ ಒಂದು ಮೀಟರ್ ಇರಲಿ, ಲೆಕ್ಕ ಸುಲಭ. ತೂಗುಗುಂಡು ಇಟ್ಟು ನೇರ ನಿಲ್ಲಿಸಬೇಕು. ನೆಲ ಮಟ್ಟಸ ಇದೆಯಾ ಅಂತ ನೋಡಲು ಗಾರೆ ಕೆಲಸದವರ ರಸಮಟ್ಟ ಸಾಕು. ಡೊಂಬಿವಿಲಿಯ ಅಕ್ಷಾಂಶ 19.2, ಕೋಟದ್ದು 13.5. ದೂರವನ್ನು ಅದಕ್ಕೆ ತಕ್ಕ ಹಾಗೆ ನಾನು ಲೆಕ್ಕ ಹಾಕಿ ಕೊಡುತ್ತೇನೆ.

ಕೋಟದ ಟೀಚರ್
ಅಕ್ಕ, ತಮ್ಮನಿಗೆ ನಮ್ಮ ಮಕ್ಕಳ ಕಡೆಯಿಂದ ಮೊದಲೇ ಧನ್ಯವಾದ ಹೇಳಿ. ದಸರಾ ರಜೆ ಮುಗಿದ ಮೇಲಿನ ಮೊದಲ ಶನಿವಾರ ಇಟ್ಟುಕೊಳ್ಳೋಣ. ಮೋಡ ಇದ್ದರೆ ಅದರ ಮುಂದಿನ ಶನಿವಾರ. ಉಡುಪಿ ಕಡೆಯವರು ಯಾರು ಬೇಕಾದರೂ ಬನ್ನಿ, ಶಾಲೆಯಲ್ಲಿ ಮಧ್ಯಾಹ್ನ ಊಟ ಉಂಟು.